ಮನಗೂಳಿಯಿಂದ ಬಂದ ಒಡಪು

ಶ್ರೀಶೈಲ ಕಿಟಕಿಗೆ ಬಂದಾಗ ದಾನೇಶ್ವರಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಬಿ.ಎ. ಮುಗಿದ ಮೇಲೆ ಅಣ್ಣ ಪರಪ್ಪ ಅವಳಿಗೆ ಬಿಟ್ಟುಕೊಟ್ಟ ಜಗತ್ತು ಇಷ್ಟೇ: ಒಂದು ಯಂತ್ರ, ಒಂದು ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು. ಸರಳಿನಾಚೆ ಮುದ್ದೇಬಿಹಾಳದ ಓಣಿ, ಅದರಾಚೆ ಶ್ರೀಶೈಲನ ಫೋಟೋ ಸ್ಟುಡಿಯೋ.

"ಏ ಫೋಟೋದಾಂವ, ಬಿಸಲಾಗ ಯಾಕ ನಿಂತಿ?"

"ಮದ್ಲ ಹೆಸರ ಹಿಡದ ಕರೀತಿದ್ದಿ. ಈಗೀಗ ಮರ್ತಿಯೇನ?"

ದಾನೇಶ್ವರಿ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಈ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸ ಕಟ್ಟಿ, ಒಡಪಿನಲ್ಲಿಟ್ಟು ಹೇಳುತ್ತಾಳೆ. ಇವನ ಹೆಸರು ಈಚೆಗೆ ಅವಳ ಬಾಯಿತನಕ ಬಂದು ನಾಚಿ ಹಿಂದೆ ಸರಿಯುತ್ತಿತ್ತು. ದಡ್ಡನಿಗೆ ಅದು ಹೊಳೆಯಬೇಕಲ್ಲ!

"ನೀ ಕಟ್ಟೂ ಒಡಪಿಗೆ ಗಿರಾಕಿ ಸಿಕ್ಕಾರ. ಅಡ್ವಾನ್ಸೂ ಕೊಟ್ಟಾರ, ತಗೋ."

ಸರಳಿನ ಸಂದಿಯಿಂದ ಐದುನೂರರ ನೋಟು ಒಳಗೆ ಬಂತು. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಕೂಡಲೇ ಕೈ ತೆಗೆಯಲಿಲ್ಲ. ಹೊಲಿಗೆಯ ದುಡ್ಡೆಲ್ಲ ಅಣ್ಣನ ಕೈ ಸೇರುತ್ತಿತ್ತು. ಇದು ಅವಳ ಮಾತಿಗೆ ಬಂದ ದುಡ್ಡು. ಅವಳಿಗೆ ಕಣ್ಣು ತುಂಬಿ ಬಂತು.

"ಯಾರ ಹೆಸರ ಕಟ್ಟಬೇಕು?"

"ಮನಗೂಳಿ ಸಿದ್ದಲಿಂಗ. ಗೊಬ್ಬರದಂಗಡಿ ಐತಿ. ಫೋಟೋ ಬುಕ್ ಮಾಡಾಕ ಅವನ ಸೋದರತ್ತಿ ಮರೆವ್ವ ಫೋನ್ ಮಾಡಿದ್ಲು. ಶುಕ್ರವಾರ ನಮ್ಮೂರಾಗ ನಿಶ್ಚಯ ಅಂತ. ಹುಡುಗಿಗೆ ಇನ್ನಾ ಹೇಳಿಲ್ಲಂತ. ಆಕಿಗೆ ಒಡಪ ಬರ್ತೈತೋ ಇಲ್ಲೋ ಅಂತ ಇವರ ಬರಸಾಕತ್ತಾರ."

ಸೂಜಿ ಕೈಯಿಂದ ಜಾರಿತು. ಹೋದ ತಿಂಗಳು ಇದೇ ಮನೆಯಲ್ಲಿ ಕುಳಿತು, ಅವಳನ್ನು ನೋಡಿ, ಚಹಾ ಕುಡಿದು ಹೋದವನೇ ಆ ಸಿದ್ದಲಿಂಗ. "ಇನ್ನಾ ಏನೂ ಗಟ್ಟಿ ಆಗಿಲ್ಲ" ಎಂದಿದ್ದ ಅಣ್ಣ ನಿನ್ನೆ ಮನೆಗೆ ಸುಣ್ಣ ಹೊಡೆಸಿದ್ದ.

"ಆ ಹುಡುಗಿ ನಾನ."

ಶ್ರೀಶೈಲನ ಮುಖ ಸಣ್ಣದಾಯಿತು. "ರೊಕ್ಕ ತಿರುಗಿ ಕೊಡು. ಆಗೂದಿಲ್ಲ ಅಂತ ಹೇಳ್ತೇನಿ."

"ಕೊಡಾಂಗಿಲ್ಲ. ನನ್ನ ಮದ್ಲನೇ ದುಡಿಮಿ. ಕೆಲಸ ಮಾಡೇ ಇಟ್ಕೋತೇನಿ. ನಿನಗ ಬ್ಯಾರೆ ಏನರ ಹೇಳೂದೈತೇನು?"

ಅವನು ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. "ನಿಮ್ಮಣ್ಣ... ನನ್ನಂಥಾ ಫೋಟೋದಾಂವಗ..." ಎಂದವನು ಉಳಿದದ್ದನ್ನು ನುಂಗಿಕೊಂಡು ರಸ್ತೆ ದಾಟಿ ಹೋಗಿಬಿಟ್ಟ. ಅವಳಿಗೆ ಅಣ್ಣನಿಗಿಂತ ಇವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಒಡಪು ಕಟ್ಟಿಕೊಟ್ಟಳು. ಚೆಂದವಾಗಿಯೇ ಕಟ್ಟಿದಳು. ತನ್ನ ಕುಣಿಕೆಯನ್ನು ತಾನೇ ಹೊಸೆದು ಕೂಲಿ ತೆಗೆದುಕೊಂಡಂತಾಯಿತು.

ಶುಕ್ರವಾರ ಹೊಸ ಸೀರೆ ಉಡಿಸಿ ಅವಳನ್ನು ಚಾಪೆಯ ಮೇಲೆ ಕೂರಿಸಿದರು. ಸುತ್ತಲೂ ಹೆಂಗಸರು, ಎದುರಿಗೆ ಸಿದ್ದಲಿಂಗ, ಬಾಗಿಲಿಗೆ ಅಡ್ಡವಾಗಿ ಪರಪ್ಪ. ಮೂಲೆಯಲ್ಲಿ ಶ್ರೀಶೈಲ ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡಿದ್ದ.

"ಒಡಪ ಹೇಳವ್ವಾ," ಎಂದಳು ಮರೆವ್ವ. "ಬರದಿದ್ರ ಇಲ್ಲೈತಿ ನೋಡು, ರೊಕ್ಕ ಕೊಟ್ಟ ಬರಿಸೇವಿ." ಫೋನನ್ನು ಮುಂದೆ ಹಿಡಿದಳು. ಪರದೆಯ ಮೇಲೆ ದಾನೇಶ್ವರಿಯದೇ ಸಾಲುಗಳು.

ರೊಕ್ಕ ಕೊಟ್ಟು ಬರೆಸುವಷ್ಟು ಬೆಲೆ ತನ್ನ ಮಾತಿಗಿದ್ದರೆ, ಒಂದನ್ನಾದರೂ ತನಗಾಗಿ ಕಟ್ಟಿಕೊಳ್ಳಬಾರದೇ?

"ಬರ್ತೈತ್ರಿ," ಎಂದಳು. ತಲೆಯೆತ್ತಿ ನೇರ ಕ್ಯಾಮೆರಾವನ್ನೇ ನೋಡಿದಳು.

"ತಂಗಡಗಿ ಹೊಳಿ ಗಾಳಿ ಬಂತು ಕಿಟಕಿ ಸರಳಿನ ಸಂದಿಂದ,
ನನ್ನ ದುಡಿಮಿ ನನ್ನ ಕೈಗೆ ಬಂತು ಅವರ ಕೈಯಿಂದ,
ಶ್ರೀಶೈಲರ ಹೆಸರ ಹೇಳತೇನಿ ಹಿರೇರೆಲ್ಲಾರ ಮುಂದ."

ಕಿಸಕ್ಕನೆ ನಗಲು ಸಜ್ಜಾಗಿದ್ದ ಹೆಂಗಸರು ಹಾಗೇ ಬಾಯಿ ತೆರೆದು ಕುಳಿತರು. ಸಿದ್ದಲಿಂಗ ಎದ್ದು ನಿಂತ. "ಏ ದಾನೀ!" ಎಂದು ಪರಪ್ಪ ಮುಂದೆ ಬಂದ.

ಮರೆವ್ವ ಕೈ ಅಡ್ಡ ಮಾಡಿದಳು. "ತಡೀರಿ. ಮಂದಿ ಮುಂದ ಹೇಳಿದ ಹೆಸರ ನುಂಗಾಕ ಬರೂದಿಲ್ಲ. ಬ್ಯಾರೆ ಹೆಸರ ಹೇಳಿದಾಕಿನ ನಮ್ಮ ಮನಿಗೆ ಹ್ಯಾಂಗ ಒಯ್ಯೂನು?" ಆಮೇಲೆ ಮೂಲೆಯ ಕಡೆ ತಿರುಗಿದಳು. "ತಮ್ಮಾ, ಫೋನಿನ್ಯಾಗ ನಿನ್ನ ಹೆಸರ ಏನಂದಿದ್ದಿ?"

ಶ್ರೀಶೈಲ ಕ್ಯಾಮೆರಾ ಕೆಳಗಿಟ್ಟ. ಪರಪ್ಪನ ಮುಂದೆಯೇ ನಡೆದು ಬಂದು, ಅವಳ ಚಾಪೆಯ ಅಂಚಿನಲ್ಲಿ ಕುಳಿತ.

"ಅದ ಹೆಸರ್ರಿ, ಯವ್ವಾ."