ಯಾರೋ ಬಂದಿದ್ದಾರೆ!

“ನಲವತ್ತಾರು!” ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಅಮ್ಮ ಹೇಳಿದಳು. “ಇವತ್ತೊಂದೇ ದಿನ ನಲವತ್ತಾರು ಸಲ ಬಡ್ಕೊಂಡಿದೆ ಈ ಫೋನು!”

ಅವಳ ಮಾತು ಮುಗಿಯುವ ಮೊದಲೇ ಕೈಯಲ್ಲಿದ್ದ ಫೋನು ನಲವತ್ತೇಳನೆಯ ಸಲ ಬಾಯಿ ಬಿಟ್ಟಿತು.

“ಯಾರೋ ಬಂದಿದ್ದಾರೆ! ಯಾರೋ ಬಂದಿದ್ದಾರೆ!”

ಬಂದವಳು ಅಮ್ಮನೇ. ಅವಳು ಗೇಟು ದಾಟಿದ್ದನ್ನು ಬಾಗಿಲ ಮೇಲಿನ ಕ್ಯಾಮೆರಾ ಅವಳಿಗೇ ವರದಿ ಮಾಡುತ್ತಿತ್ತು, ಸ್ವಲ್ಪ ತಡವಾಗಿ.

ಬುಗುರಿಗೆ ನಗು ಉಕ್ಕಿ ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡಳು.

ಬುಗುರಿ ಐದನೇ ಕ್ಲಾಸಿನ ಹುಡುಗಿ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ಟೀಚರ್ ಇಟ್ಟ ಹೆಸರು ಅವಳ ಹಿಂದೆಯೇ ಮನೆಗೂ ಬಂದುಬಿಟ್ಟಿತ್ತು.

ಅಮ್ಮನಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಕೆಲಸ. ಡಾಕ್ಟರು ಹಲ್ಲು ಕೊರೆಯುವಾಗ ಅವಳು ಪಕ್ಕದಲ್ಲಿ ನಿಂತು ಹತ್ತಿ, ಕನ್ನಡಿ, ಚಿಮಟ ಎಲ್ಲ ಕೈಗೆ ಕೊಡಬೇಕು.

“ಮಧ್ಯಾಹ್ನ ಡಾಕ್ಟರು ಒಬ್ಬರ ಬಾಯೊಳಗೆ ಬೆರಳು ಇಟ್ಟಿದ್ರು. ಆಗಲೇ ಇದು ಕಿರುಚ್ತು. ಆ ಪೇಷೆಂಟ್ ಬೆಚ್ಚಿಬಿದ್ದು ಬಾಯಿ ಮುಚ್ಚಿಬಿಟ್ರು.”

“ಡಾಕ್ಟರ ಬೆರಳು?”

“ಬ್ಯಾಂಡೇಜಲ್ಲಿದೆ.”

ಈ ಸಲ ನಗು ನುಂಗಲು ಬುಗುರಿ ಕುರ್ಚಿಯ ಹಿಂದೆ ಹೋಗಬೇಕಾಯಿತು.

“ನಗಬೇಡ! ನಾಳೆ ಒಂದು ದಿನ ನೋಡ್ತೀನಿ, ಶನಿವಾರ ಕ್ಯಾಮೆರಾ ತೆಗೆಸಿಬಿಡ್ತೀನಿ. ಸೋಮವಾರದಿಂದ ಸ್ಕೂಲ್ ಬಿಟ್ಟಮೇಲೆ ಸೀದಾ ದೊಡ್ಡಮ್ಮನ ಮನೆಗೆ ಹೋಗು. ಕ್ಯಾಮೆರಾ ಇಲ್ಲದೆ ನಿನ್ನೊಬ್ಬಳನ್ನೇ ಮನೇಲಿ ಬಿಡೋಕೆ ನನ್ನಿಂದಾಗಲ್ಲ.”

ನಗು ಎತ್ತಲೋ ಓಡಿಹೋಯಿತು. ದೊಡ್ಡಮ್ಮನ ಮನೆಯಲ್ಲಿ ಎರಡು ವರ್ಷದ ಪಾಪು ಇತ್ತು. ಅದಕ್ಕೆ ಹೊಸ ಹಲ್ಲು. ಕೈ ಸಿಕ್ಕರೆ ಕೈ, ಮೊಣಕಾಲು ಸಿಕ್ಕರೆ ಮೊಣಕಾಲು, ಯಾವುದನ್ನೂ ಬಿಡುತ್ತಿರಲಿಲ್ಲ. ಇಲ್ಲಿಯಾದರೆ ನಾಲ್ಕು ಹತ್ತರಿಂದ ಆರು ಗಂಟೆಯವರೆಗೆ ಇಡೀ ಮನೆ ಬುಗುರಿಯದೇ. ಗೋಡೆಗೆ ಕಾಲು ಹಚ್ಚಿ ತಲೆಕೆಳಗಾಗಿ ಪುಸ್ತಕ ಓದಬಹುದು. ಸೋಫಾದ ಮೇಲೆ ಭಾಷಣ ಮಾಡಬಹುದು.

“ಅಮ್ಮಾ, ಮ್ಯೂಟ್ ಮಾಡಿಬಿಡು.”

“ಮ್ಯೂಟ್ ಮಾಡಿದ್ರೆ ನನಗೆ ಗೊತ್ತಾಗೋದು ಹೇಗೆ?”

“ಏನು ಗೊತ್ತಾಗೋದು?”

ಅಮ್ಮ ಚಪ್ಪಲಿ ಬಿಚ್ಚಿ, ಜೋಡಿಸಿ, ಮತ್ತೊಮ್ಮೆ ಜೋಡಿಸಿ ಒಳಗೆ ಹೋದಳು.

“ಅರ್ಧ ಗಂಟೆ ಫೋನ್ ಕೊಡು. ನಾನೇ ಸರಿ ಮಾಡ್ತೀನಿ!” ಬುಗುರಿ ಕೂಗಿದಳು.

ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಆಪ್ ತೆರೆದು ಸೆಟ್ಟಿಂಗ್ಸ್ ಒತ್ತಿದಾಗ ಪರದೆಯ ಮೇಲೆ ಅದೇ ಅಂಗಳ ಮೂಡಿತು. ಅದರ ತುಂಬ ಗಣಿತದ ನೋಟ್‌ಬುಕ್ಕಿನಲ್ಲಿರುವಂತೆ ಚೌಕಗಳು. ಬೆರಳಿಟ್ಟರೆ ಚೌಕ ಹಸಿರಾಗುತ್ತಿತ್ತು. ಇನ್ನೊಮ್ಮೆ ಇಟ್ಟರೆ ಬಣ್ಣ ಹೋಗುತ್ತಿತ್ತು.

“ಏನದು?” ಮೆಟ್ಟಿಲಿಳಿದು ಪೀಪಿ ತಾತ ಬಂದರು. ಮಹಡಿ ಮನೆಯ ತಾತ ಮೊದಲು ಟ್ರಾಫಿಕ್ ಪೊಲೀಸ್ ಆಗಿದ್ದವರು. ರಿಟೈರ್ ಆಗಿ ಹತ್ತು ವರ್ಷವಾದರೂ ಪೀಪಿ ಜೇಬಿನಲ್ಲೇ ಇತ್ತು.

“ಕ್ಯಾಮೆರಾ ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಅಂತ ಹೇಳ್ಕೊಡ್ತಿದೀನಿ ತಾತ. ಬೆಡ್‌ಶೀಟ್ ಅಲ್ಲಾಡಿದ್ರೂ ಯಾರೋ ಬಂದ್ರು ಅನ್ನತ್ತೆ.”

ಹಗ್ಗದ ಮೇಲೆ ಅಮ್ಮನ ಹೂವಿನ ಬೆಡ್‌ಶೀಟ್ ಹೊಟ್ಟೆ ಉಬ್ಬಿಸಿಕೊಂಡು ಕುಣಿಯುತ್ತಿತ್ತು. ಬುಗುರಿ ಬೆಡ್‌ಶೀಟ್ ಇರುವ ಚೌಕಗಳನ್ನೆಲ್ಲ ಹಸಿರು ಮಾಡಿ, ಉಳಿದವುಗಳ ಬಣ್ಣ ಅಳಿಸಿದಳು.

“ಆಯ್ತು. ತಾತ, ನೀವೀಗ ಕಳ್ಳ. ಗೇಟಿನಿಂದ ನಡ್ಕೊಂಡು ಬನ್ನಿ.”

“ನಾನು ಕಳ್ಳಾನಾ?” ತಾತನಿಗೆ ಸ್ವಲ್ಪ ಬೇಸರವಾಯಿತು. ಆದರೂ ನಡೆದರು. ಫೋನು ಸುಮ್ಮನಿತ್ತು.

ಜೋರಾಗಿ ಕಾಲು ಬಡಿದು ನಡೆದರು. ಸುಮ್ಮನೆ. ಬಕೆಟ್ ತಲೆಗೆ ಹಾಕಿಕೊಂಡು ನಡೆದರು. ಸುಮ್ಮನೆ. ಕೊನೆಗೆ ಅಂಗಳದ ನಡುವೆ ನಿಂತು, ಒಂದು ಕೈ ಮೇಲೆತ್ತಿ ‘ನಿಲ್ಲು’ ಅಂತ ತೋರಿಸಿ, ಇನ್ನೊಂದು ಕೈಯನ್ನು ರೊಂಯ್ ಎಂದು ಬೀಸಿದರು.

ಫೋನು ತುಟಿ ಬಿಚ್ಚಲಿಲ್ಲ.

“ನಲವತ್ತು ವರ್ಷ ಈ ಕೈ ಎತ್ತಿದ್ರೆ ಲಾರಿಗಳೇ ನಿಲ್ತಿದ್ವು! ಈ ಡಬ್ಬಿಗೆ ನಾನು ಕಾಣ್ಸಲ್ವಂತಾ?”

ಅಷ್ಟರಲ್ಲಿ ಬೆಡ್‌ಶೀಟ್ ಮೆಲ್ಲಗೆ ಒಂದು ಮೂಲೆ ಎತ್ತಿತು.

“ಯಾರೋ ಬಂದಿದ್ದಾರೆ! ಯಾರೋ ಬಂದಿದ್ದಾರೆ!”

“ನೋಡಿದ್ಯಾ! ಬೆಡ್‌ಶೀಟ್‌ಗೆ ಇರೋ ಮರ್ಯಾದೆ ನನಗಿಲ್ಲ!”

ಬುಗುರಿ ಹಣೆ ಚಚ್ಚಿಕೊಂಡಳು. “ಉಲ್ಟಾ ಆಗಿದೆ ತಾತ! ಹಸಿರು ಅಂದ್ರೆ ಬಿಟ್ಟುಬಿಡು ಅಂದ್ಕೊಂಡೆ. ಹಸಿರು ಅಂದ್ರೆ ನೋಡು ಅಂತ!”

ಬೆಡ್‌ಶೀಟಿನ ಚೌಕಗಳು ಅಳಿದವು, ಉಳಿದವು ಹಸಿರಾದವು. ಆದರೂ ನೆಮ್ಮದಿ ಸಿಗಲಿಲ್ಲ. ಗೇಟಿನಾಚೆ ಸೈಕಲ್ ಹೋದರೆ ಕೂಗು, ಬಸ್ಸು ಹೋದರೆ ಕೂಗು. ರಸ್ತೆಯ ಚೌಕಗಳನ್ನು ಅಳಿಸಿದರೆ, ತಾತ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಕೂಗು.

“ನಾನು ದಿನಕ್ಕೆ ಎಂಟು ಸಲ ಓಡಾಡ್ತೀನಮ್ಮ. ಈ ದಾರಿನೇ ತೆಗೆದುಬಿಡು,” ಎಂದರು ತಾತ.

“ಗೇಟು?”

ತಾತ ಮೀಸೆ ತಿರುವಿ ಯೋಚಿಸಿದರು. “ಯಾವ ಕಳ್ಳನಾದ್ರೂ ಗೇಟು ತೆಗೆದು, ಮರ್ಯಾದೆಯಾಗಿ ನಡ್ಕೊಂಡು ಬರ್ತಾನಾ? ಗೋಡೆ ಹಾರೇ ಬರ್ತಾನೆ. ಗೋಡೆ ಒಂದು ಇಟ್ಕೋ, ಸಾಕು.”

ಬುಗುರಿಗೆ ಇದು ಬಹಳ ಸರಿ ಅನ್ನಿಸಿತು. ಗೇಟು ಹೋಯಿತು, ದಾರಿ ಹೋಯಿತು, ಗೋಡೆ ಮಾತ್ರ ಹಸಿರಾಗಿ ಉಳಿಯಿತು. ಫೋನು ಗಪ್‌ಚಿಪ್.

ಮರುದಿನ ಸಂಜೆ ನಾಲ್ಕು ಹತ್ತಕ್ಕೆ ಬುಗುರಿ ಎಂದಿನಂತೆ ಗೇಟನ್ನು ಒದ್ದು, ತಿರುಗಿ, ಹಾರಿ ಮನೆಯೊಳಗೆ ಬಿದ್ದಳು. ಬ್ಯಾಗು ಒಂದು ಕಡೆ, ಬೂಟು ಇನ್ನೊಂದು ಕಡೆ. ಸೋಫಾ ಹತ್ತಿ ಭಾಷಣ ಶುರುಮಾಡಿದಳು. “ಮಹನೀಯರೇ, ಕ್ಯಾಮೆರಾ ರಿಪೇರಿ ಮಾಡಿದ ಧೀರೆ…”

ನಾಲ್ಕೂವರೆಗೆ ಗೇಟು ಧಡಾರೆಂದಿತು. ಬಾಗಿಲಲ್ಲಿ ಅಮ್ಮ! ಮೈಮೇಲೆ ಕ್ಲಿನಿಕ್‌ನ ಏಪ್ರನ್, ಮಾಸ್ಕ್ ಗದ್ದಕ್ಕೆ ಜಾರಿತ್ತು. ಒಂದು ಕೈಗೆ ಗ್ಲೌಸ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಗ್ಲೌಸ್ ಇದ್ದ ಕೈಯಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿಯಿತ್ತು.

“ಇಲ್ಲಿದೀಯಾ!” ಎಂದವಳೇ ಬುಗುರಿಯನ್ನು ಸೋಫಾದಿಂದ ಕಿತ್ತುಕೊಂಡಂತೆ ಎತ್ತಿ ಅಪ್ಪಿಕೊಂಡಳು. ಕನ್ನಡಿ ಬುಗುರಿಯ ಬೆನ್ನಿಗೆ ಒತ್ತುತ್ತಿತ್ತು.

“ಇನ್ನೆಲ್ಲಿರ್ತೀನಿ?”

“ಬೆಳಗ್ಗಿಂದ ಫೋನಿನ ಸದ್ದೇ ಇಲ್ಲ. ಡಾಕ್ಟರು ಖುಷಿಯಾಗಿ ನನಗೆ ಬಿಸ್ಕತ್ತು ಕೊಟ್ರು. ಆದ್ರೆ ನಾಲ್ಕು ಹತ್ತಾದ್ರೂ ನೀನು ಬಂದೆ ಅಂತ ಕೂಗಲಿಲ್ಲ, ನಾಲ್ಕೂಕಾಲಾದ್ರೂ ಇಲ್ಲ… ತಾತನಿಗೆ ಏಳು ಸಲ ಫೋನ್ ಮಾಡಿದೆ ಕಣೇ!”

ತಾತನ ಗೊರಕೆ ಮಹಡಿಯಿಂದ ಇಳಿದು ಬರುತ್ತಿತ್ತು.

“ಮತ್ತೆ ಪೇಷೆಂಟು?”

“ಅಯ್ಯೋ! ಬಾಯಿ ತೆಗೆದುಕೊಂಡೇ ಇದ್ದಾರೆ!” ಅಮ್ಮ ಕುರ್ಚಿಯಲ್ಲಿ ಕುಸಿದು, ಡಾಕ್ಟರಿಗೆ ಫೋನ್ ಮಾಡಿ ಮಗಳು ಸಿಕ್ಕಳು ಎಂದಳು. “ನಮ್ಮ ಕನ್ನಡಿ ಸಿಕ್ಕಿತಾ?” ಎಂದು ಡಾಕ್ಟರು ಕೇಳಿದ್ದು ಬುಗುರಿಗೂ ಕೇಳಿಸಿತು.

ಅಮ್ಮ ನೀರು ಕುಡಿಯಲು ಎದ್ದಳು. ಬುಗುರಿ ಸೆಟ್ಟಿಂಗ್ಸ್ ನೋಡಲೆಂದು ಫೋನು ಎತ್ತಿಕೊಂಡಳು. ಆಪ್‌ನಲ್ಲಿ ‘ಉಳಿಸಿದ ಚಿತ್ರಗಳು’ ಎಂದಿತ್ತು. ಒತ್ತಿದಳು.

ಬೆಡ್‌ಶೀಟ್ ಇರಲಿಲ್ಲ. ಬಸ್ಸಿರಲಿಲ್ಲ, ತಾತನೂ ಇರಲಿಲ್ಲ. ನಾಲ್ಕು ಹತ್ತು, ನಾಲ್ಕು ಒಂಬತ್ತು, ನಾಲ್ಕು ಹತ್ತು, ನಾಲ್ಕು ಹನ್ನೆರಡು. ಸ್ಕೂಲಿದ್ದ ದಿನಕ್ಕೊಂದು ಚಿತ್ರ. ಒಂದರಲ್ಲಿ ಗಾಳಿಯಲ್ಲಿ ಹಾರುವ ಜಡೆ. ಒಂದರಲ್ಲಿ ಒಂದು ಬೂಟು ಮತ್ತು ಅರ್ಧ ಬ್ಯಾಗು. ಒಂದರಲ್ಲಿ ಬರೀ ನೀಲಿ ಗೀರು, ಅದು ಯೂನಿಫಾರ್ಮ್ ಇರಬೇಕು. ಒಂದರಲ್ಲೂ ಮುಖವಿರಲಿಲ್ಲ.

“ಇವನ್ನೆಲ್ಲ ಯಾಕೆ ಇಟ್ಕೊಂಡಿದೀಯ ಅಮ್ಮ? ಒಂದೂ ಸರಿಯಾಗಿ ಬಂದಿಲ್ಲ.”

ಅಮ್ಮ ಲೋಟ ಕೆಳಗಿಟ್ಟಳು. “ನೀನು ಬಂದಿದೀಯಲ್ಲ.”

ಬುಗುರಿ ಆ ಚಿತ್ರಗಳನ್ನು ಮತ್ತೊಮ್ಮೆ ನೋಡಿ, ಒಂದು ತುಂಡು ಸೀಮೆಸುಣ್ಣ ಹುಡುಕಿಕೊಂಡು ಅಂಗಳಕ್ಕೆ ಹೋದಳು.

ಈ ಸಲ ಅವಳೇ ನಡೆದಳು, ಅಮ್ಮ ಫೋನು ಹಿಡಿದಳು. ರಸ್ತೆ ಬೇಡ, ಮೆಟ್ಟಿಲು ಬೇಡ. ಗೇಟಿನ ಒಳಗೆ, ಎಡಗಡೆ, ಒಂದೇ ಒಂದು ಹಸಿರು ಚೌಕ. ಪರದೆಯ ಆ ಚೌಕ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಹಿಂದೆ ಮುಂದೆ ಹೋಗಿ ನೋಡಿ, ಅಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದಳು. ಎದ್ದು ಬಂದ ಪೀಪಿ ತಾತ ಅಮ್ಮನ ಏಳು ಕರೆಗಳ ವಿಷಯ ಕೇಳಿ ಪೆಚ್ಚಾದರು. ಆ ವೃತ್ತವನ್ನು ಇನ್ನು ಯಾರೂ ತುಳಿಯದಂತೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟರು. ಆಗಲೇ ಬೆಕ್ಕೊಂದು ಗೇಟಿನ ಸಂದಿಯಿಂದ ನುಸುಳಿತು.

ಪೀಈಈಪ್!

“ಎಡಗಡೆ ಎಂಟ್ರಿ ಇಲ್ಲ! ಬಲಗಡೆ ಹೋಗು!”

ಬೆಕ್ಕು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಶನಿವಾರ ಇಡೀ ದಿನ ಫೋನು ಕೂಗಲಿಲ್ಲ. ಕ್ಯಾಮೆರಾ ತೆಗೆಸುವ ಮಾತನ್ನು ಅಮ್ಮ ಎತ್ತಲಿಲ್ಲ. ಬದಲಿಗೆ, ಡಾಕ್ಟರು ಸೋಮವಾರದಿಂದ ನಾಲ್ಕು ಹತ್ತಕ್ಕೆ ಸರಿಯಾಗಿ ಪೇಷೆಂಟ್ ಬಾಯಿಂದ ಬೆರಳು ಹೊರಗೆ ತೆಗೆಯುತ್ತಾರಂತೆ ಎಂದಳು.

ಸೋಮವಾರ ಬುಗುರಿ ಗೇಟನ್ನು ಒದ್ದಳು, ತಿರುಗಿದಳು, ಹಾರಿದಳು. ವೃತ್ತದ ಮೇಲೆ ಕಾಲು ಬಿತ್ತು.

ಅಲ್ಲೇ ನಿಂತಳು.

ಕಾಲು ತುರಿಸುತ್ತಿತ್ತು, ಬೆನ್ನ ಮೇಲಿನ ಬ್ಯಾಗು ತಾನೇ ಕುಣಿಯಲು ನೋಡುತ್ತಿತ್ತು. ಬುಗುರಿ ಅಲ್ಲಾಡಲಿಲ್ಲ. ಕ್ಯಾಮೆರಾದತ್ತ ಮುಖ ಎತ್ತಿ, ಬಾಯಲ್ಲಿದ್ದ ಹಲ್ಲುಗಳನ್ನೆಲ್ಲ ತೋರಿಸುತ್ತ, ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು.

ನಾಲ್ಕು, ಐದು. ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು.