ಹೊಸ್ತಿಲಾಚೆಯ ಚಪ್ಪಲಿ

೧೯೫೬ರ ಸೆಪ್ಟೆಂಬರ್ ೧೧, ಮಧ್ಯಾಹ್ನ ೩.೫೦. ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂರುವ ಚೆನ್ನಯ ಏದುಸಿರು ಬಿಡುತ್ತ ಘಾಟ್ಕೋಪರ್ ಠಾಣೆಗೆ ಬಂದ.

"ನಮ್ಮ ಅಡುಗೆಯ ಕಾಂತಪ್ಪಣ್ಣನನ್ನು ಯಾರೋ ಕಡಿದು ಹಾಕಿದ್ದಾರೆ ಮಾರಾಯ್ರೆ!"

ಇನ್‌ಸ್ಪೆಕ್ಟರ್ ನೀಲಕಂಠಪ್ಪ ಎಫ್‌ಐಆರ್ ಬರೆಸಿ, ಹವಾಲ್ದಾರ್ ಪರಪ್ಪನ ಜೊತೆ ಹೊರಟ.

ಹೋಟೆಲಿನ ಅಡುಗೆಮನೆಯಲ್ಲಿ ಶವ ರುಬ್ಬುವ ಕಲ್ಲಿನ ಪಕ್ಕದಲ್ಲಿತ್ತು. ಹತ್ತಿರವೇ ರಕ್ತ ಹತ್ತಿದ ಕಾಯಿ ಒಡೆಯುವ ಕತ್ತಿ. ಅದನ್ನು ತೂಗುಹಾಕುವ ಗೋಡೆಯ ಮೊಳೆ ಖಾಲಿ. ಹೊಸ್ತಿಲಿನ ಹೊರಗೆ ಒಂದು ಜೊತೆ ಚಪ್ಪಲಿ ಗೋಡೆಗೆ ಒತ್ತಿಕೊಂಡು ನೀಟಾಗಿ ಕೂತಿತ್ತು. ಎಡಗಾಲಿನದಕ್ಕೆ ಟಯರಿನ ತೇಪೆ.

"ಯಾರದಿದು?"

"ಐತನದ್ದು," ಎಂದ ಪಾತ್ರೆ ತೊಳೆಯುವ ದೂಜ. "ರುಬ್ಬುವವ. ಚಪ್ಪಲಿ ಹಾಕಿ ಒಳಗೆ ಹೋದರೆ ಕಾಂತಪ್ಪಣ್ಣ ಸೌಟಿನಲ್ಲೇ ಬಾರಿಸುದು."

"ಐತ ಏನರೆ ಅಂದನೇನು?"

ದೂಜ ತಲೆ ತಗ್ಗಿಸಿದ. "ನೀರಿನ ನಳ್ಳಿಯ ಹತ್ತಿರ ಹೇಳಿದ, ಇವತ್ತು ಅವನನ್ನು ಬಿಡುದಿಲ್ಲ ಅಂತ."

ಪರಪ್ಪ ಪೆನ್ಸಿಲ್ ಕಿವಿಗೆ ಸಿಕ್ಕಿಸಿದ. "ಇಷ್ಟ್ ಸಾಕ್ರಿ ಸಾಹೇಬ್ರ. ಚಪ್ಪಲಿ ಜಪ್ತಿ ಮಾಡಿದ್ರ ಮುಗೀತು."

"ಎಲ್ಲಿದ್ವು, ಹೆಂಗಿದ್ವು ಅದನ್ನೂ ಬರಿ. ಖಾಲಿ ಮೊಳಿನೂ ಬರಿ."

"ಅಂವಗ ವಕೀಲ್ಕಿ ಮಾಡ್ತೀರೇನ್ರಿ?"

"ದೂಜ ಹೇಳಿದ್ದನ್ನೂ ಬರಿ. ಒಂದೂ ಬಿಡಬ್ಯಾಡ."

ಮೂರು ವರ್ಷದ ಹಿಂದೆ ವಿಕ್ರೋಳಿಯ ಕೊಲೆ ಖಟ್ಲೆಯಲ್ಲಿ ಜಡ್ಜ್ ಕೇಳಿದ್ದರು: ಹೊಡೆದ ಕಲ್ಲು ಅಲ್ಲೇ ಬಿದ್ದಿತ್ತೋ, ಆರೋಪಿ ತಂದದ್ದೋ? ನೀಲಕಂಠಪ್ಪನ ಪಂಚನಾಮೆಯಲ್ಲಿ ಅದಿರಲಿಲ್ಲ. ಆಗ ಕೊಲೆಗೆ ಗಲ್ಲೇ ವಾಡಿಕೆ. ಬೇರೆ ಶಿಕ್ಷೆ ಕೊಡುವುದಾದರೆ ಜಡ್ಜ್ ಕಾರಣ ಬರೆಯಬೇಕಿತ್ತು. ಬರೆಯಲು ಏನೂ ಸಿಗಲಿಲ್ಲ. ಆ ಮನುಷ್ಯ ನೇಣಿಗೇರಿದ. ಈ ಜನವರಿಯಿಂದ ಕಾನೂನು ಬದಲಾಗಿತ್ತು. ಗಲ್ಲೋ ಜೀವಾವಧಿಯೋ, ಅದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಆದರೆ ಜಡ್ಜ್ ನೋಡುವುದು ಕಾಗದದಲ್ಲಿ ಇದ್ದದ್ದನ್ನು ಮಾತ್ರ. ಕೊಲ್ಲಲೆಂದೇ ಬಂದನೋ, ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿದನೋ ಎಂದು ತಿಳಿಯಲು ಆ ಮೊಳೆಯೂ ಚಪ್ಪಲಿಯೂ ಅದರಲ್ಲಿರಬೇಕು.

ಸಂಜೆ ೬.೪೦ಕ್ಕೆ ಐತ ಬೋರಿಬಂದರ್ ರೈಲು ನಿಲ್ದಾಣದ ಬೆಂಚಿನ ಮೇಲೆ ಸಿಕ್ಕ. ಬರಿಗಾಲು. ಓಡಲಿಲ್ಲ.

"ಯಾಕ ಹೊಡದಿ?"

"ಅಮ್ಮ ಸತ್ತ ಕಾಗದ ಬಂದು ಹತ್ತು ದಿನ ಆಗಿತ್ತು. ನನಗೆ ಓದ್ಲಿಕ್ಕೆ ಬರುದಿಲ್ಲ, ಓದಿ ಹೇಳುದು ಅವನೇ. ಎಲ್ಲಾ ಸೌಖ್ಯ ಅಂತ ಓದಿದ. ಇವತ್ತು ಊರಿಂದ ಬಂದವ ಹೇಳಿದ ಮೇಲೆಯೇ ಗೊತ್ತಾದದ್ದು."

"ಹೊಡೀಬೇಕಂತನ ಹೋದೇನು?"

"ಕೇಳ್ಲಿಕ್ಕೆ ಹೋದದ್ದು. ಚೌತಿಯ ರಶ್ಶಿನಲ್ಲಿ ನಿನ್ನನ್ನು ಕಳಿಸಿದರೆ ಹಿಟ್ಟು ರುಬ್ಬುದು ಯಾರು, ಸತ್ತವಳೇನು ಎದ್ದು ಬರ್ತಾಳಾ, ಅಂತ ನೆಗಾಡಿದ." ಐತ ತನ್ನ ಪಾದ ನೋಡಿಕೊಂಡ. "ನೇಣಾ ಸಾಹೇಬ್ರೆ?"

"ಅದು ನನ್ನ ಕೈಯಾಗಿಲ್ಲೋ."

ಸೆಷನ್ಸ್ ಕೋರ್ಟಿನಲ್ಲಿ ದೂಜನ ಮಾತನ್ನೂ ಓದಿದರು, ಪಂಚನಾಮೆಯಲ್ಲಿ ಚಪ್ಪಲಿಯ ಬಗ್ಗೆ ಬರೆದ ಸಾಲನ್ನೂ ಓದಿದರು. ತೀರ್ಪು ಫೆಬ್ರವರಿಯಲ್ಲಿ ಬಂತು: ಜೀವಾವಧಿ. ಯಾಕೆಂದು ಜಡ್ಜ್ ಬರೆದಿರಲಿಲ್ಲ. ಈಗ ಬರೆಯಬೇಕಾಗಿಯೂ ಇರಲಿಲ್ಲ. ನೀಲಕಂಠಪ್ಪ ನಕಲು ತರಿಸಿ ಚಪ್ಪಲಿಗಾಗಿ ಪುಟ ಪುಟ ಹುಡುಕಿದ. ಕೊನೆಯ ಪುಟದಲ್ಲಿ, ಜಪ್ತಿ ಮಾಲಿನ ಆದೇಶದಲ್ಲಿ ಸಿಕ್ಕಿತು:

"ಕತ್ತಿಯನ್ನು ನಾಶಪಡಿಸತಕ್ಕದ್ದು. ಚಪ್ಪಲಿಯನ್ನು ಕೈದಿಗೆ ಹಿಂತಿರುಗಿಸತಕ್ಕದ್ದು."