ಮೇಜಿನ ಕೆಳಗೊಂದು ಹೂಂ

"ವಯರ್ ಅಲ್ಲಾಡಿಸಬೇಡ ಕಣೇ, ಲ್ಯಾಪ್‌ಟಾಪ್ ಆಫ್ ಆಗುತ್ತೆ!" ಅಕ್ಕ ಪಿಸುಗುಟ್ಟಿದಳು.

"ನಾನೆಲ್ಲಿ ಅಲ್ಲಾಡಿಸ್ದೆ? ನಿನ್ನ ಕಾಲೇ ನಡುಗ್ತಿದೆ," ಎಂದು ಮೇಜಿನ ಕೆಳಗಿನಿಂದ ಉತ್ತರ ಬಂತು.

ಅಕ್ಕನ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಕೈಕೊಟ್ಟಿತ್ತು. ಚಾರ್ಜರ್ ವಯರನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದರೆ ಮಾತ್ರ ಅದು ಓಡುತ್ತಿತ್ತು. ಹಿಡಿಯುವವರು ಯಾರು? ಇನ್ಯಾರು, ತಂಗಿ! ಅಕ್ಕ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಾಳೆಂದು ಮನೆಯಲ್ಲಿ ಅವಳನ್ನು 'ಬಾಲ' ಎಂದೇ ಕರೆಯುತ್ತಿದ್ದರು.

ಇವತ್ತು ಅಕ್ಕನಿಗೆ ಲ್ಯಾಪ್‌ಟಾಪಿನಲ್ಲೇ ಇಂಟರ್ವ್ಯೂ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ರಜೆಯ ದಿನಗಳಲ್ಲಿ ಕೆಲಸ ಕಲಿಯುವ ಇಂಟರ್ನ್‌ಶಿಪ್‌ಗೆ. ಅದು ಸಿಗಲೆಂದು ಅವಳು ಊಟ ನಿದ್ದೆ ಬಿಟ್ಟು ಓದಿದ್ದಳು.

"ನೋಡು ಬಾಲ, ಇವತ್ತೊಂದು ದಿನ ಬಾಲ ಬಿಚ್ಚಬೇಡ," ಎಂದು ಅಮ್ಮ ಕೆಲಸಕ್ಕೆ ಹೊರಡುವ ಮುಂಚೆಯೇ ಹೇಳಿದ್ದಳು. "ಉಸಿರು ಕೂಡ ಕೇಳಿಸಬಾರದು. ಯಾರೋ ಪಕ್ಕದಲ್ಲಿ ಕೂತು ಹೇಳಿಕೊಡ್ತಿದಾರೆ ಅಂದ್ಕೊಂಡ್ರೆ ಅಲ್ಲಿಗೆ ಎಲ್ಲ ಮುಗೀತು."

ಬಾಯಿ ಮುಚ್ಚಿಕೊಂಡಿರುವುದು ಬಾಲನಿಗೆ ಸುಲಭವಲ್ಲ. ಅದಕ್ಕೊಂದು ಕಾರಣವೂ ಇತ್ತು. ಚಿಕ್ಕಂದಿನಿಂದ ಅಕ್ಕ ಕತೆ ಹೇಳಬೇಕು, ಅವಳು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಅಕ್ಕ ದೊಡ್ಡವಳಾದಳು. ರಾಜಕುಮಾರಿಯರು ಹೋಗಿ ಆ ಜಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಮ್‌ಗಳು ಬಂದವು. ಬಾಲನಿಗೆ ಅವುಗಳ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಹೂಂ ಅನ್ನುತ್ತಿದ್ದಳು. ಅವಳು ಹೂಂ, ಹೂಂ ಅನ್ನುತ್ತಿದ್ದರೆ ಅಕ್ಕನಿಗೆ ತನ್ನ ತಪ್ಪು ತಾನೇ ಹೊಳೆದುಬಿಡುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ ಒಬ್ಬರು ಮೇಡಂ ಮಾತಾಡತೊಡಗಿದರು. "ನೀವು ಮಾಡಿರೋ ಲೈಬ್ರರಿ ಆ್ಯಪ್ ನೋಡಿದೆ. ಇರೋದು ಒಂದೇ ಪುಸ್ತಕ, ಇಬ್ಬರು ಒಂದೇ ಸಲ ಬೇಕು ಅಂತ ಬಟನ್ ಒತ್ತಿದರು. ಆಗೇನಾಗುತ್ತೆ?"

"ಮೊದಲು ಪುಸ್ತಕ ಇದೆಯಾ ಅಂತ ನೋಡುತ್ತೆ ಮೇಡಂ..." ಅಕ್ಕ ನಿಂತಳು. ಮೇಡಂ ಏನೂ ಹೇಳಲಿಲ್ಲ. "ಇಬ್ಬರಿಗೂ ಇದೆ ಅಂತ ಬರುತ್ತೆ... ಆಗ... ಆಗ..."

ಅಕ್ಕನ ಕಾಲು ಹೊಲಿಗೆ ಮೆಷಿನ್ನಿನ ಹಾಗೆ ಕುಣಿಯತೊಡಗಿತು.

ಬಾಲನಿಗೆ ಸಂಕಟವಾಯಿತು. ನಿನ್ನೆಯಷ್ಟೇ ಅಕ್ಕ ಇದನ್ನು ಪಟಪಟನೆ ಹೇಳಿದ್ದಳಲ್ಲ! ಅವಳು ತುಟಿ ಕಚ್ಚಿ ಹಿಡಿದಳು. ಆದರೆ ಇಷ್ಟು ವರ್ಷದ ಅಭ್ಯಾಸ ಮಾತು ಕೇಳಬೇಕಲ್ಲ?

"ಹೂಂ," ಎಂದುಬಿಟ್ಟಳು.

"ನಿಮ್ಮ ಜೊತೆ ಯಾರಿದಾರೆ?" ಮೇಡಂ ದನಿ ಗಡುಸಾಯಿತು.

ಅಕ್ಕನ ಕಾಲು ತಟ್ಟನೆ ನಿಂತಿತು. ಅಷ್ಟು ದಿನ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು, ಅದೂ ತನ್ನಿಂದ! ಬಾಲನ ಕಣ್ಣು ತುಂಬಿತು.

"ನನ್ನ ತಂಗಿ ಮೇಡಂ," ಎಂದಳು ಅಕ್ಕ ಮೆಲ್ಲಗೆ. "ಚಾರ್ಜರ್ ವಯರ್ ಹಿಡ್ಕೊಂಡಿದಾಳೆ. ಬಿಟ್ರೆ ಲ್ಯಾಪ್‌ಟಾಪ್ ಆಫ್ ಆಗುತ್ತೆ. ಮೊದಲೇ ಹೇಳಬೇಕಿತ್ತು, ಸಾರಿ."

ಬಾಲ ವಯರ್ ಬಿಡದೆ ತಲೆಯನ್ನಷ್ಟೇ ಮೇಲೆತ್ತಿದಳು. ಕೂದಲಿಗೆಲ್ಲ ಜೇಡರ ಬಲೆ ಮೆತ್ತಿಕೊಂಡಿತ್ತು.

"ಅಕ್ಕನಿಗೆ ಏನಮ್ಮ ಹೇಳಿಕೊಟ್ಟೆ?"

"ಹೇಳಿಕೊಡಕ್ಕೆ ನಂಗೇನು ಬರುತ್ತೆ ಆಂಟಿ? ಬರೀ ಹೂಂ ಅಂದೆ. ಯಾರಾದ್ರೂ ಹೂಂ ಅನ್ನದಿದ್ರೆ ಇವಳಿಗೆ ಮುಂದೆ ಹೋಗಕ್ಕಾಗಲ್ಲ!"

ಮೇಡಂ ಅವಳನ್ನೇ ದಿಟ್ಟಿಸಿದರು. ಆಮೇಲೆ ನಕ್ಕುಬಿಟ್ಟರು. "ಸರಿ. ನೀನು ವಯರ್ ಹಿಡ್ಕೋ ಸಾಕು. ಹೂಂ ಅನ್ನೋ ಕೆಲಸ ನನಗಿರಲಿ. ಎಲ್ಲಿದ್ವಿ? ಇಬ್ಬರಿಗೂ ಪುಸ್ತಕ ಇದೆ ಅಂತ ಬಂತು. ಹೂಂ?"

ಅಕ್ಕ ಒಂದು ಸಲ ಉಸಿರೆಳೆದುಕೊಂಡಳು. "ಹಾಗಾಗಬಾರದು ಮೇಡಂ. ಅದಕ್ಕೇ ಬಚ್ಚಲುಮನೆ ಚಿಲಕದ ಹಾಗೆ ಒಂದು ಲಾಕ್ ಇಡಬೇಕು. ಮೊದಲು ಒಳಗೆ ಹೋದವರು ಚಿಲಕ ಹಾಕ್ಕೋತಾರೆ."

"ಹೂಂ."

"ಇನ್ನೊಬ್ಬರು ಹೊರಗೇ ಕಾಯ್ತಾರೆ. ಅವರ ಸರದಿ ಬಂದಾಗ ಪುಸ್ತಕ ಇರಲ್ಲ, ಇಲ್ಲ ಅಂತಾನೇ ತೋರಿಸುತ್ತೆ!"

ಅಲ್ಲಿಂದ ಮುಂದೆ ಅಕ್ಕ ಎಲ್ಲೂ ತಡವರಿಸಲಿಲ್ಲ. ಬಾಲನ ಕೈ ಜೋಮು ಹಿಡಿದರೂ ಅವಳು ವಯರ್ ಬಿಡಲಿಲ್ಲ.

"ಕೊನೇ ರೌಂಡ್ ನಮ್ಮ ಆಫೀಸಲ್ಲಿ," ಎಂದರು ಮೇಡಂ ಕೊನೆಗೆ. "ಸೋಮವಾರ ಬನ್ನಿ. ಅಲ್ಲಿ ಪ್ರಶ್ನೆ ಕೇಳೋರು ಬೇರೆಯವರು. ಅವರು ಹೂಂ ಅನ್ನೋ ಪೈಕಿ ಅಲ್ಲ, ನೆನಪಿರಲಿ."

ಲ್ಯಾಪ್‌ಟಾಪ್ ಮುಚ್ಚಿದ್ದೇ ತಡ, ಅಕ್ಕ ಅವಳನ್ನು ಮೇಜಿನ ಕೆಳಗಿನಿಂದ ಎಳೆದು ಅಪ್ಪಿಕೊಂಡಳು. "ಕತ್ತೆ! ಜೀವಾನೇ ಬಾಯಿಗೆ ಬಂದಿತ್ತು ನಂಗೆ. ಬಾ, ಸೋಮವಾರಕ್ಕೆ ಈಗಿಂದಾನೇ ರೆಡಿ ಆಗೋಣ. ಕೂತ್ಕೊಂಡು ಹೂಂ ಅನ್ನು."

ಅಕ್ಕ ಶುರು ಮಾಡಿದಳು. "ಈಗ ಬಸ್ ಟಿಕೆಟ್ ಆ್ಯಪ್ ಅಂತ ಇಟ್ಕೋ. ಒಬ್ಬ ಸೀಟು ಹಿಡಿದ, ಆದರೆ ದುಡ್ಡು ಕಟ್ಟಲಿಲ್ಲ..."

ಹೂಂ ಬಾಲನ ನಾಲಿಗೆ ತುದಿಗೇ ಬಂದಿತ್ತು. ಆಗ ಆ ಆಫೀಸು ಕಣ್ಣಮುಂದೆ ಬಂತು. ಗುರುತಿಲ್ಲದ ಮುಖಗಳ ಎದುರು ಅಕ್ಕ ಕೂತಿದ್ದಾಳೆ. ಅಲ್ಲೂ ಒಂದು ಮೇಜಿದೆ. ಅದರ ಕೆಳಗೆ ಯಾರೂ ಇಲ್ಲ.

ಅವಳು ಬಾಯಿ ಮುಚ್ಚಿದಳು.

"ಹೂಂ ಅನ್ನೇ!"

"ಊಹೂಂ."

"ಯಾಕೆ, ಕೋಪಾನಾ?"

ಬಾಲ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, "ಒಬ್ಬ ಸೀಟು ಹಿಡಿದ, ದುಡ್ಡು ಕಟ್ಟಲಿಲ್ಲ. ಆಗ..." ಎಂದು ನಿಂತಳು.

ಬಾಲ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ಕಾದಳು.

ಸ್ವಲ್ಪ ಹೊತ್ತಾದ ಮೇಲೆ, ಹೂಂ ಇಲ್ಲದೆಯೇ, ಅಕ್ಕ ತಾನಾಗಿ ಉತ್ತರವನ್ನು ಮುಂದುವರಿಸಿದಳು.